ಖಾದರ್ ಸಾಬರ ಬಲಗೈ

ಮಧ್ಯಾಹ್ನ ಮೂರು ನಲವತ್ತು. ಖಾದರ್ ಸಾಬರು ತೆಂಗಿನ ನಾರಿನ ಪಿಂಡಿಯೊಳಗೆ ಮೊಳಕೈವರೆಗೆ ತೂರಿಸಿದ್ದ ಬಲಗೈಯನ್ನು ಥಟ್ಟನೆ ಹೊರಗೆಳೆದುಕೊಂಡರು. ಎಂದೂ ಹಾಗೆ ಎಳೆದವರಲ್ಲ.

ಗುಬ್ಬಿ ಹತ್ತಿರದ ನಮ್ಮ ಕಾಲೊರಸಿನ ಕಾರ್ಖಾನೆಯಲ್ಲಿ ಅವರು ಗೋಡೌನ್ ಮೇಸ್ತ್ರಿ. ದಿನಕ್ಕೆರಡು ಸಲ, ನಾಡಿ ಹಿಡಿದ ವೈದ್ಯರಂತೆ ಕಣ್ಣು ಮುಚ್ಚಿ, ಪ್ರತಿ ಸಾಲಿನ ಬಿಸಿ ನೋಡುತ್ತಿದ್ದರು. ಒದ್ದೆ ನಾರು ಒತ್ತಾಗಿ ಕೂತರೆ ಒಳಗೊಳಗೇ ಬಿಸಿಯೇರಿ ಹೊಗೆಯಾಡುತ್ತದೆ. ಅದಕ್ಕೇ ಸಾಲುಗಳ ನಡುವೆ ಒಬ್ಬರು ನಡೆಯುವಷ್ಟು ದಾರಿ ಬಿಡಿಸುತ್ತಿದ್ದರು. ಉಸಿರುದಾರಿ ಎಂದು ಅದಕ್ಕೆ ಅವರಿಟ್ಟ ಹೆಸರು.

ಬ್ರಿಟನ್ ಯುರೋಪಿನ ಒಕ್ಕೂಟದಿಂದ ಹೊರಬೀಳುತ್ತಿದ್ದ ಕಾಲ. ಹೊರಗಿನಿಂದ ಬರುವ ಯಾವ ಸರಕಿಗೆ ಎಷ್ಟು ಸುಂಕ ಎಂಬ ಪಟ್ಟಿಯನ್ನು ಆ ದೇಶ ಹೊಸದಾಗಿ ಮಾಡಿಕೊಳ್ಳಬೇಕಿತ್ತು. ಅದು ಖಚಿತವಾಗುವವರೆಗೆ ಮಾಲು ಕಳಿಸಬೇಡಿ ಎಂದು ಅಲ್ಲಿನ ಗಿರಾಕಿ ಬರೆದಿದ್ದ. ಬಿ.ಕಾಂ. ಓದಿದ ನಾನು ರಫ್ತಿನ ಕಾಗದಪತ್ರ ನೋಡುವವಳು. ಸಾಬರು ದಿನಾ ಬಂದು ಕೇಳುತ್ತಿದ್ದರು.

"ಬಂತಾ ಮೇಡಮ್ಮ, ಪಟ್ಟಿ?"

ಇಲ್ಲವೆಂದರೆ ನಗು. "ಮನೆ ಪಾಲಾಗ್ತಿರೋದು ಅವ್ರ್ದು. ಬಿಸಿ ಏರ್ತಿರೋದು ನಮ್ ಗೋಡೌನ್ದು."

ಮಳೆ ಹಿಡಿಯಿತು. ಹೊರಡದ ಮಾಲು ಗೋಡೌನ್ ತುಂಬಿದ್ದರಿಂದ ಅಂಗಳದಲ್ಲೇ ಉಳಿದಿದ್ದ ನಾರಿನ ಪಿಂಡಿಗಳು ನೆನೆದವು. ಸಾಬರಿಲ್ಲದ ದಿನ ನಾನೇ ಅವನ್ನೆಲ್ಲ ಒಳಗೆ ಹಾಕಿಸಿ ಉಸಿರುದಾರಿ ಮುಚ್ಚಿಸಿದೆ. ವಾರದಲ್ಲಿ ಪಟ್ಟಿ ಬರುತ್ತದೆ, ಮಾಲು ಹೊರಡುತ್ತದೆ ಎಂದುಕೊಂಡಿದ್ದೆ. ವಾಪಸಾದ ಸಾಬರು ಬೈಯಲಿಲ್ಲ. "ನೀವು ಪಟ್ಟಿ ಓದ್ತೀರ. ನಾರಿಗೆ ಓದಕ್ಕೆ ಬರಲ್ವಲ್ಲ ಮೇಡಮ್ಮ," ಎಂದು ಒಂದು ತುದಿಯಿಂದ ದಾರಿ ಬಿಡಿಸತೊಡಗಿದರು. ಮೂರನೆಯ ದಿನ ಆ ಮೂರು ನಲವತ್ತು.

ಗೋಡೌನಿನ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ಹೆಂಗಸರು ನೇಯುತ್ತಿದ್ದರು. ಹೊರಬರಲು ಉಳಿದಿದ್ದದ್ದು ಪಿಂಡಿಗಳ ಪಕ್ಕದ ಒಂದೇ ಸಂದಿ. ಸಾಬರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬೆಂಕಿ ಅನ್ಬೇಡಿ, ನುಗ್ತಾರೆ. ಟೀ ಬಂದೈತೆ ಅನ್ನಿ."

ಹಾಗೇ ಅಂದೆ. ಸಾವ್ಕಾರರಿಗೆ ಇವತ್ತು ಒಳ್ಳೇ ಬುದ್ಧಿ ಬಂದಿದೆ ಎಂದು ತಮಾಷೆ ಮಾಡುತ್ತ ಒಬ್ಬೊಬ್ಬರಾಗಿ ಬಂದರು. ಅಷ್ಟು ಹೊತ್ತೂ ಸಾಬರು ಹೊಗೆಯಾಡುವ ಪಿಂಡಿಯ ಮೇಲೆ ಒದ್ದೆ ಗೋಣಿ ಒತ್ತಿ ಹಿಡಿದು ನಿಂತಿದ್ದರು. ಕೊನೆಯವಳು ಹೊಸಿಲು ದಾಟಿದಾಗ ಆ ಸಾಲು ಹೊತ್ತಿಕೊಂಡಿತು. ಅವರನ್ನು ನಾವು ಎಳೆದು ತಂದೆವು.

ಪಟ್ಟಿ ಆಮೇಲೆ ಬಂತು. ಕಾಲೊರಸಿನ ಸುಂಕ ಏರಿರಲಿಲ್ಲ.

ಸಾಬರು ಕುಣಿಗಲ್ಲಿನ ಮಗಳ ಮನೆ ಸೇರಿದರು. ರಾತ್ರಿ ಕಣ್ಣು ಮುಚ್ಚಿದರೆ ನನಗೆ ಅದೇ ಸಂದಿ, ನಿದ್ದೆ ಹತ್ತುತ್ತಿರಲಿಲ್ಲ. ತಿಂಗಳುಗಳಾದ ಮೇಲೆ ಒಂದು ಭಾನುವಾರ ಹೋಗಿ, ಅವರಿಗೆ ಗೊತ್ತಿದ್ದದ್ದನ್ನೇ ಮೊದಲ ಸಲ ಬಾಯಿಬಿಟ್ಟು ಹೇಳಿದೆ: ದಾರಿ ಮುಚ್ಚಿಸಿದ್ದು ನಾನು. ಅವರು ಅಂದು ಸುಟ್ಟು ಸುಕ್ಕುಗಟ್ಟಿದ ಬಲಗೈ ಎತ್ತಿ, "ಇದಕ್ಕೀಗ ಬಿಸಿ ಗೊತ್ತಾಗಲ್ಲ," ಎಂದು ನಕ್ಕರು. ಎಡಗೈಯನ್ನು ನನ್ನ ಹಣೆಯ ಮೇಲಿಟ್ಟು ಕಣ್ಣು ಮುಚ್ಚಿದರು.

"ಬಿಸಿ ಇನ್ನೂ ಐತೆ ಮೇಡಮ್ಮ. ದಾರಿ ಬಿಟ್ರಲ್ಲ ಇವತ್ತು, ಆರ್ತದೆ."

ಅದೇ ಅವರನ್ನು ಕಡೆಯ ಸಲ ನೋಡಿದ್ದು. ಆ ಭಾನುವಾರ ಮಲಗಿದವಳು ಎದ್ದಾಗ ಬೆಳಕು ಹರಿದಿತ್ತು.