ಚಾದರದ ಮೂಲೆ

ಸೊಲ್ಲಾಪುರದ ನಮ್ಮ ಚಾದರದಂಗಡಿಗೆ ದೇವರ ಹೆಸರು. ಕಠ್ಮಂಡುವಿಗೆ ಹೋದರೂ ಕ್ಯಾಂಡಿಗೆ ಹೋದರೂ ಅಪ್ಪ ನಮ್ಮ ಚಾದರವನ್ನೇ ಹಾಸುತ್ತಿದ್ದ. ಅದರ ಮೂಲೆಯಲ್ಲಿ ನೇಯ್ದ ಆ ಹೆಸರನ್ನು ಯಾರೂ ತುಳಿಯದಿರಲೆಂದು ಅದರ ಮೇಲೆ ಅಂಗೈ ಇಟ್ಟು ಕೂರುತ್ತಿದ್ದ. ಎಲ್ಲ ಫೋಟೋಗಳಲ್ಲೂ ಹಾಗೇ ಇದ್ದಾನೆ.

ಅಪ್ಪ ತೀರಿಕೊಂಡ ಮೇಲೆ ಇದು ನಮ್ಮ ಮೊದಲ ಪ್ರಯಾಣ. ಅಕ್ಕಲಕೋಟದ ಗುಡಿಯ ಹೊರಗೆ ಪ್ರಸಾದದ ಸರದಿಗೆ ಕಾಯುತ್ತ, ಅವ್ವ ಅದೇ ಚಾದರ ಹಾಸಿ ತನ್ನ ಎಂದಿನ ಜಾಗದಲ್ಲಿ ಕೂತಳು. ಆ ಮೂಲೆ ಖಾಲಿ ಇತ್ತು.

ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ಬಂದು, “ಅಲ್ಲಿ ಕುಂದರ್ಲೇನ್ರಿ ಅಕ್ಕಾರ?” ಎಂದಳು.

“ನಮ್ಮ ಮನಿಯವರು ಬರ್ತಾರವಾ,” ಎಂದುಬಿಟ್ಟಳು ಅವ್ವ.

ನಾನು ಬೇರೆ ಕಡೆ ನೋಡಿದೆ. ಹೆಂಗಸು ನಿಂತೇ ಇದ್ದಳು. ಸ್ವಲ್ಪ ಹೊತ್ತಿಗೆ ಅವ್ವ ತಾನೇ ಮೂಲೆಗೆ ಸರಿದು, ಹೆಸರಿನ ಮೇಲೆ ಅಂಗೈ ಇಟ್ಟಳು. ತಾನು ಕೂತಿದ್ದ ಜಾಗ ತೋರಿಸಿ, “ಇಲ್ಲಿ ಕುಂದರವಾ,” ಎಂದಳು.