ಕಂಬದ ಬಾಜುವಿನ ಕೆಂಚವ್ವ

ಮೆಣಸಿನಕಾಯಿ ತೊಟ್ಟು ಮುರಿಯುವುದೇನು ಮಹಾ ಕೆಲಸ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಕುಂದಗೋಳದ ಈರಬಸಪ್ಪ ಸಾವಕಾರರ ಗೋದಾಮಿನಲ್ಲಿ ಕಾರಕೂನನಾಗಿದ್ದ ನಾನೂ ಒಮ್ಮೆ ಹಾಗೆಂದುಕೊಂಡು ಒಂದು ತಾಸು ಕೂತು ನೋಡಿದೆ. ಆಮೇಲೆ ಎರಡು ದಿನ ಕೈ ಉರಿದು, ಹೆಂಡತಿಯಿಂದ ತುತ್ತು ಹಾಕಿಸಿಕೊಂಡು ಉಂಡೆ. ಆ ಕೆಲಸವನ್ನು ಕೆಂಚವ್ವ ಹನ್ನೆರಡು ವರ್ಷ ಮಾಡಿದಳು.

ಅವಳು ತಂಬೂರು ಎಂಬ ಹಳ್ಳಿಯ ಕುರಿಗಾರರ ಮನೆಯ ಮಗಳು. ಏಳನೇ ವರ್ಷಕ್ಕೇ ಉಣ್ಣೆ ನೂಲಲು ಕೂತವಳು, ಹಾಗಾಗಿ ಬೆರಳಿಗೆ ಆ ವೇಗ ಬಂದಿತ್ತು. ಕುಂದಗೋಳಕ್ಕೆ ಸೊಸೆಯಾಗಿ ಬಂದ ಮೂರೇ ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಾಗಿರಲಿಲ್ಲ. ತಂಗಿ ಸಾವಕ್ಕನ ಗಂಡನೂ ಹೋದಾಗ ಅವಳನ್ನು ಕರೆದುಕೊಂಡು ಬಂದು ಗೋದಾಮಿನಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಸಾವಕ್ಕನ ಬಲಗೈ ಹೆಬ್ಬೆರಳು ಕುಡಗೋಲಿನ ಏಟಿಗೆ ಸಿಕ್ಕಿ ಮಡಚುತ್ತಿರಲಿಲ್ಲ. ಯಾರಿಗೂ ಕಾಣದ ಹಾಗೆ ತಂಗಿ ಬುಟ್ಟಿಯನ್ನು ಕಂಬದ ಕಡೆಗೆ ಸರಿಸುವುದು, ಅಕ್ಕ ಅದನ್ನು ತುಂಬಿಸಿ ಹಿಂದಕ್ಕೆ ಸರಿಸುವುದು ನಡೆದೇ ಇತ್ತು. ಒಂಬತ್ತು ಹೆಂಗಸರ ಸಾಲಿನಲ್ಲಿ ಕೆಂಚವ್ವನದು ಕೊನೆಯ ಜಾಗ, ಕಂಬದ ಬಾಜು.

ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ನಮ್ಮ ಕಾಯಿ ಕೊಳ್ಳುತ್ತಿದ್ದ ಮುಂಬಯಿಯ ಮಸಾಲೆ ಕಂಪನಿ ಒಂದು ಕಾಗದ ಬರೆಯಿತು. ಕೆಲಸ ಹೇಗೆ ಮಾಡಬೇಕೆಂದು ಸಲಹೆ ಕೊಡುವ ಇನ್ನೊಂದು ಕಂಪನಿಯ ಸಾಹೇಬರು ಬಂದು ಪರೀಕ್ಷೆ ಮಾಡುತ್ತಾರೆ ಎಂದು ಅದರಲ್ಲಿತ್ತು.

"ಸಲಹೆ ಕೊಡಾಕ ರೊಕ್ಕಾ ತಗೋತಾರಂತ ಸಿರಾಜ! ನಮ್ಮೂರ ಕಟ್ಟಿಮ್ಯಾಲೆ ಪುಕ್ಕಟ ಸಿಗತೈತಲ್ಲೋ" ಎಂದು ಸಾವಕಾರರು ನನ್ನ ಕಡೆ ತಿರುಗಿ ಹೊಟ್ಟೆ ಹಿಡಿದು ನಕ್ಕರು.

ಹೆಂಗಸರು ನಗಲಿಲ್ಲ. ಗಡಿಯಾರ ಹಿಡಿದು ಬಾಜು ನಿಲ್ಲುತ್ತಾರೆ, ಎಷ್ಟು ವೇಗ ಮಾಡಿ ತೋರಿಸುತ್ತೀರೋ ಅಷ್ಟನ್ನೇ ದಿನವೂ ಕೇಳುತ್ತಾರೆ ಎಂಬುದು ಅವರಿಗೆ ಹೇಗೋ ಗೊತ್ತಾಗಿತ್ತು. ಸಾಲಿನ ಹಿರಿಯಳು ರಹೀಮಾಬಿ ಎಲ್ಲರನ್ನೂ ಕೂಡಿಸಿ, ಆ ದಿನ ಯಾರೂ ಜಲ್ದಿ ಮಾಡಬಾರದು ಎಂದು ಮಾತು ತೆಗೆದುಕೊಂಡಳು. ಕೆಂಚವ್ವ ತಂಬೂರಿಗೆ ಹೋಗಿದ್ದಳು. ಸಾವಕ್ಕನೂ ಜೊತೆಗಿದ್ದಳು. ಇಬ್ಬರೂ ಸಂಜೆ ಬರುವವರಿದ್ದರು.

"ಸಿರಾಜ, ನಿನ್ನ ಹಾದ್ಯಾಗ ಆಕಿ ಮನಿ. ನೀನ ಹೇಳಿ ಹೋಗಪಾ" ಎಂದಳು ರಹೀಮಾಬಿ. ನಾನು ಹೂಂ ಎಂದೆ. ದಾರಿಯಲ್ಲಿ ಚಹಾದ ಅಂಗಡಿಯಲ್ಲಿ ಹರಟೆಗೆ ಕೂತೆ, ಮರೆತೆ.

ಮರುದಿನ ಕೆಂಚವ್ವ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಗೆದ ಸೀರೆ ಉಟ್ಟು ಬಂದಿದ್ದಳು. "ಅಷ್ಟು ದೂರದಿಂದ ನಮ್ಮ ಕೆಲಸಾ ನೋಡಾಕ ಬಂದಾರ. ಮಂದಿ ಮುಂದ ಚಲೋತ್ನಾಗಿ ಮಾಡಬೇಕಲ್ಲೋ ಸಿರಾಜಣ್ಣ" ಎಂದಳು. ಆಗ ನನಗೆ ನೆನಪಾಯಿತು. ಕನ್ನಡದಲ್ಲಿ ಒಂದು ಮಾತು ಅಂದಿದ್ದರೆ ಸಾಕಿತ್ತು, ಮುಂಬಯಿಯ ಆ ತರುಣ ಸಾಹೇಬನಿಗೆ ತಿಳಿಯುತ್ತಿರಲಿಲ್ಲ. ಆದರೆ ಸಾವಕಾರರು ಅಲ್ಲೇ ನಿಂತಿದ್ದರು. ನೌಕರಿ ಹೋದೀತೆಂದು ಹೆದರಿ ನಾನು ಬಾಯಿ ಮುಚ್ಚಿಕೊಂಡೆ.

ಸಾಹೇಬ ಎಲ್ಲರನ್ನೂ ಅಳೆದು, "ಎಂಟು ಜನ ಕಳ್ಳಾಟ ಆಡುತ್ತಿದ್ದಾರೆ. ಕಂಬದ ಹತ್ತಿರ ಕೂತವಳು ಒಬ್ಬಳೇ ಪ್ರಾಮಾಣಿಕಳು" ಎಂದ. ಸಾವಕ್ಕನ ಮಡಚದ ಹೆಬ್ಬೆರಳೂ ಅವನಿಗೆ ಕಳ್ಳಾಟವಾಗಿಯೇ ಕಂಡಿತ್ತು. ಎಲ್ಲರಿಗೂ ತಾಸಿಗೆ ಮೂರು ಬುಟ್ಟಿ ಎಂದು ಬರೆದುಕೊಟ್ಟ.

ಅವನ ಜೀಪು ಹೋದ ಮೇಲೆ ರಹೀಮಾಬಿ ಕೆಂಚವ್ವನ ಮುಂದೆ ಬಂದು ನಿಂತಳು. "ಸಿರಾಜ ನಿನಗ ಹೇಳಲಿಲ್ಲೇನು?"

ಕೆಂಚವ್ವ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. "ಹೇಳಿದ್ದ ಬಿಡಬೇ. ನನಗ ನೆನಪು ಹಾರಿತು" ಎಂದಳು.

ಆ ದಿನದಿಂದ ಸಾವಕ್ಕನೊಬ್ಬಳನ್ನು ಬಿಟ್ಟು ಅವಳ ಜೊತೆ ಯಾರೂ ಮಾತಾಡಲಿಲ್ಲ. ಮೂರು ಬುಟ್ಟಿಗೆ ಓಡಿ ಓಡಿ ಹೆಂಗಸರ ಉಗುರು ಹರಿದವು. ನಾನು ಎಲ್ಲವನ್ನೂ ನೋಡುತ್ತ ನನ್ನ ಮೇಜಿನ ಹಿಂದೆ ಕೂತಿದ್ದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಶ್ರಾವಣದಲ್ಲಿ ಕೆಂಚವ್ವನಿಗೆ ಕಾಮಾಲೆ ತಗುಲಿತು. ನೋಡಲು ಹೋದಾಗ ಮೈಯೆಲ್ಲ ಹಳದಿಯಾಗಿತ್ತು. ಬೆರಳು ಮಾತ್ರ ಕೌದಿಯ ಮೇಲೆ ಆಡುತ್ತಲೇ ಇದ್ದವು.

"ಸಿರಾಜಣ್ಣ, ಆ ಗಡಿಯಾರ ಮತ್ತ ಬರತೈತೇನು?"

"ಬಂದರೂ ಬರಬಹುದು ಅಕ್ಕಾ."

"ಬಂದ್ರ ನನ್ನ ಜಾಗಾ ಖಾಲಿ ಇಡಸು. ಇನ್ನೊಮ್ಮೆ ಕುಂತು ತೋರಸ್ತೀನಿ."

ಜ್ವರದ ಬಡಬಡಿಕೆ ಎಂದುಕೊಂಡು ಆಗಲಿ ಎಂದೆ. ಮೂರನೇ ದಿನ ಹೋದಳು.

ಮುಂದಿನ ಸುಗ್ಗಿಗೆ ಸಾವಕಾರರು ಅವಳ ಜಾಗದಲ್ಲಿ ದೇವಕ್ಕನೆಂಬ ಹೊಸಬಳನ್ನು ಕೂರಿಸಿದರು. ಒಂದು ತಾಸೂ ಆಗಿರಲಿಲ್ಲ, ದೇವಕ್ಕ ಸೆರಗು ಕೊಡವಿಕೊಂಡು ಎದ್ದಳು. "ನನ್ನ ಬುಟ್ಟ್ಯಾಗ ಯಾರೋ ಕೈ ಹಾಕತಾರ್ರಿ. ತಣ್ಣನ ಕೈ" ಎಂದವಳು ಮತ್ತೆ ಬರಲೇ ಇಲ್ಲ. ಅಂದಿನಿಂದ ಕಂಬದ ಬಾಜು ಒಂದು ಗೋಣಿತಾಟು, ಒಂದು ಖಾಲಿ ಬುಟ್ಟಿ ಅಷ್ಟೇ ಇದ್ದವು. ಮಟಮಟ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ ಆ ಕಡೆಯಿಂದ ತೊಟ್ಟು ಮುರಿಯುವ ಸದ್ದು ಕೇಳುತ್ತಿತ್ತು. ಒಬ್ಬರೂ ತಲೆ ಎತ್ತುತ್ತಿರಲಿಲ್ಲ, ಆದರೆ ರೊಟ್ಟಿ ಅಗಿಯುವುದನ್ನು ನಿಲ್ಲಿಸುತ್ತಿದ್ದರು.

ಆ ವರ್ಷ ಮುಂಬಯಿಯಿಂದ ದೂರಿನ ಮೇಲೆ ದೂರು. ಅವಸರದಲ್ಲಿ ಕಾಯಿ ಮುರಿದು ಬೀಜವೆಲ್ಲ ಉದುರುತ್ತಿತ್ತು. ಕೊನೆಗೆ ಸಲಹೆ ಕಂಪನಿಯನ್ನು ಕಟ್ಟಿದ ಯಜಮಾನರೇ ಬರುತ್ತೇವೆಂದರು. ಬಟ್ಟೆ ಗಿರಣಿಯಲ್ಲಿ ಕಾರಕೂನಿಕೆ ಮಾಡುತ್ತ, ಒಂದು ಹಳೆಯ ಸ್ಟಾಪ್‌ವಾಚ್ ಕೊಂಡು, ಅದೊಂದರಿಂದಲೇ ಮೂರು ಊರುಗಳಲ್ಲಿ ಆಫೀಸು ತೆರೆದ ಮನುಷ್ಯ ಅವರು. ಸಾವಕಾರರು ಹೆಂಗಸರಿಗೆ ಖಡಾಖಂಡಿತವಾಗಿ ಹೇಳಿಬಿಟ್ಟರು: "ಮುದುಕ ಸಾಹೇಬ್ರು ಎಷ್ಟು ಬರೀತಾರೋ ಅಷ್ಟು. ಆಗದಾಕಿ ನಾಳಿಂದ ಬರೂದು ಬ್ಯಾಡ." ಎಲ್ಲರ ಕಣ್ಣೂ ಸಾವಕ್ಕನ ಹೆಬ್ಬೆರಳಿನ ಮೇಲೆ ಬಿದ್ದವು. ಅಕ್ಕನಿಲ್ಲದೆ ಅವಳಿಂದ ತಾಸಿಗೆ ಒಂದೂವರೆ ಬುಟ್ಟಿ ದಾಟುತ್ತಿರಲಿಲ್ಲ. ಈ ಕೆಲಸ ಬಿಟ್ಟರೆ ಅವಳಿಗೆ ಅನ್ನದ ದಾರಿ ಇರಲಿಲ್ಲ.

ಯಜಮಾನರು ಬಂದವರೇ ಸಾವಕಾರರನ್ನು ಹೊರಗೆ ಕಳಿಸಿದರು. ಮುಕ್ಕಾಲಿಯ ಮೇಲೆ ಕೂತು, ಮಡಿಲಲ್ಲಿ ಆ ಹಳೆಯ ವಾಚು ಇಟ್ಟುಕೊಂಡು, ಮೂರು ತಾಸು ನೋಡಿದರು. ಘಾಟಿಗೆ ಕೆಮ್ಮುತ್ತಲೇ ಬರೆದುಕೊಂಡರು. ಅನುವಾದಕ್ಕೆಂದು ನಾನು ಅವರ ಹಿಂದೆ ನಿಂತಿದ್ದೆ. ಅವರು ವಾಚಿನ ಗುಂಡಿ ಒತ್ತುವಾಗೆಲ್ಲ ಕತ್ತು ಕಂಬದ ಕಡೆಗೆ ತಿರುಗುತ್ತಿತ್ತು. ಮೊದಲು ನಾನು ಗಮನಿಸಲಿಲ್ಲ. ಗಮನಿಸಿದಾಗ ಒಂದು ಹೆಜ್ಜೆ ಹಿಂದಕ್ಕೆ ಸರಿದೆ.

"ಸಿರಾಜುದ್ದೀನ," ಎಂದು ಅವರು ಹಿಂದಿಯಲ್ಲಿ ಮೆಲ್ಲಗೆ ಕರೆದರು. "ಎಂಟು ಜನ ಬೇಕೆಂದೇ ನಿಧಾನ ಮಾಡಿ ನಾಟಕ ಆಡುತ್ತಿದ್ದಾರೆ. ನಲವತ್ತು ವರ್ಷ ಇದನ್ನೇ ನೋಡಿದವನು ನಾನು, ಭುಜ ನೋಡಿದರೆ ತಿಳಿಯುತ್ತದೆ. ಕಂಬದ ಹತ್ತಿರ ಕೂತವಳು ಒಬ್ಬಳೇ ಪ್ರಾಮಾಣಿಕಳು."

ನಾನು ನೋಡಿದೆ. ಗೋಣಿತಾಟು ಇತ್ತು, ಖಾಲಿ ಬುಟ್ಟಿ ಇತ್ತು.

"ಆಕೆಯೂ ನಿಧಾನವೇ, ಆದರೆ ಅದು ನಾಟಕವಲ್ಲ, ಒಂದು ಕಾಯಿಯನ್ನೂ ಮುರಿದಿಲ್ಲ. ತಾಸಿಗೆ ಒಂದೂವರೆ ಬುಟ್ಟಿ. ಅದೇ ಸರಿಯಾದ ಲೆಕ್ಕ. ಒಂದೇ ಆಶ್ಚರ್ಯ, ಇಷ್ಟು ಘಾಟಿನಲ್ಲಿ ಆಕೆ ಒಮ್ಮೆಯೂ ಕೆಮ್ಮಲಿಲ್ಲ." ಪೆನ್ನು ಎತ್ತಿ ಹಿಡಿದರು. "ಹೆಸರೇನು ಆಕೆಯದು?"

ಅಲ್ಲಿ ಯಾರೂ ಇಲ್ಲ ಎಂದರೆ ಅವರು ಕಣ್ಣುಜ್ಜಿಕೊಂಡು ಹಾಳೆ ಹರಿಯುತ್ತಾರೆ, ನಾಳೆ ಸಾವಕ್ಕ ಬೀದಿಗೆ ಬೀಳುತ್ತಾಳೆ. ಕಂಬದ ಕಡೆಯಿಂದ ಟಕ್ ಎಂದಿತು. ಬಹಳ ಹೊತ್ತಿನ ಮೇಲೆ ಇನ್ನೊಮ್ಮೆ ಟಕ್ ಎಂದಿತು. ಅಷ್ಟು ನಿಧಾನ ಮಾಡಲು ಆ ಬೆರಳುಗಳಿಗೆ ಎಷ್ಟು ಕಷ್ಟವಾಗುತ್ತಿತ್ತೋ, ನನಗೆ ಅಳು ಬಂತು.

"ಕೆಂಚವ್ವ" ಎಂದೆ.

ಅವರು ಬರೆದುಕೊಂಡರು. ಹೊರಡುವಾಗ ಹಾಳೆಯನ್ನು ಸಾವಕಾರರ ಕೈಗೆ ಕೊಟ್ಟರು. ಸಾವಕಾರರು ಅದರಲ್ಲಿ ಕೆಂಚವ್ವನ ಹೆಸರು ಓದಿ ನನ್ನ ಮುಖ ನೋಡಿದರು, ಕಂಬ ನೋಡಿದರು. ಆಮೇಲೆ ಅದನ್ನು ತಾವೇ ಗೋಡೆಗೆ ಅಂಟಿಸಿ ಮನೆಗೆ ಹೋದರು.

ಜೀಪಿನ ಸದ್ದು ಅಡಗಿತು. ಹೆಂಗಸರು ಕೂತಲ್ಲೇ ಕೂತಿದ್ದರು. ಇನ್ನು ತಡೆಯಲಾಗಲಿಲ್ಲ, ನಾನು ಸಾಲಿನ ಮುಂದೆ ಹೋಗಿ ನಿಂತೆ.

"ಹೋದ ವರ್ಷ ನಾ ಆಕಿಗೆ ಹೇಳಿದ್ದಿಲ್ಲ. ಮರತಿದ್ದೆ. ನನ್ನ ಮಾನಾ ಉಳಸಾಕ ಆಕಿ ತಪ್ಪು ತನ್ನ ಮ್ಯಾಲೆ ಹಾಕ್ಕೊಂಡ್ಳು."

ರಹೀಮಾಬಿ ನನ್ನನ್ನು ಬೈಯಲಿಲ್ಲ. ಎದ್ದು ಹೋಗಿ ಆ ಗೋಣಿತಾಟಿನ ಮುಂದೆ ಕೂತಳು. "ಸಾಯೂತನಕ ನಿನ್ನ ಜೋಡಿ ಮಾತಾಡಲಿಲ್ಲಲ್ಲಬೇ ಕೆಂಚಿ" ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಆಗ ಸದ್ದು ಶುರುವಾಯಿತು. ನಿಧಾನದ ಸದ್ದಲ್ಲ, ನಾನು ಹನ್ನೆರಡು ವರ್ಷ ಕೇಳಿದ್ದ ಆ ಹಳೆಯ ವೇಗ, ಟಕ್ ಟಕ್ ಟಕ್ ಎಂದು ಒಂದರ ಬೆನ್ನಿಗೊಂದು. ಸಾವಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಅರ್ಧ ತುಂಬಿದ ತನ್ನ ಬುಟ್ಟಿಯನ್ನು ಕಂಬದ ಕಡೆಗೆ ಸರಿಸಿದಳು.