ಒಲೆಯ ಬಾಯಿಗೆ ತಕ್ಕ ಗರಗಸ

ಎನ್ಸಿಯೊ ಹತ್ತಿರ ಮೋಟಾರು ಗರಗಸಗಳು ಏಳು. ಸೌದೆ ಒಲೆ ಒಂದೂ ಇಲ್ಲ. ಅವನ ಮನೆ ಬೆಚ್ಚಗಾಗುವುದು ಕರೆಂಟಿನಲ್ಲಿ, ಹಬೆ ಸ್ನಾನದ ಸೌನಾ ಕಾಯುವುದೂ ಕರೆಂಟಿನಲ್ಲಿ. ಗರಗಸಗಳು ಶೆಡ್ಡಿನ ಗೋಡೆಯಲ್ಲಿ ಸಾಲಾಗಿ ನೇತಾಡುತ್ತವೆ, ಮದುವೆಗೆ ಹೊರಟವರ ಹಾಗೆ ಎಣ್ಣೆ ಹಚ್ಚಿಕೊಂಡು. ಸರಪಳಿ ಸುತ್ತುವ ಪಟ್ಟಿ ಚಿಕ್ಕದರಲ್ಲಿ ಹದಿನೈದು ಇಂಚು, ದೊಡ್ಡದರಲ್ಲಿ ಇಪ್ಪತ್ತನಾಲ್ಕು. ಅವನ ಊರು ಹೌಕಿಯಾರ್ವಿಯ ಸುತ್ತಮುತ್ತ ಇಪ್ಪತ್ತನಾಲ್ಕು ಇಂಚು ಬೇಡುವ ಮರ ಇಲ್ಲ. ಇದ್ದರೂ ಅವನು ಕಡಿಯುತ್ತಿರಲಿಲ್ಲ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ.

ಮೂವತ್ತು ವರ್ಷ ದಿಮ್ಮಿ ಲಾರಿ ಓಡಿಸಿದ. ಅದು ಮುಗಿದ ಮೇಲೆ ಬುದ್ಧಿ ಹೇಳುವ ಕೆಲಸ ಹಿಡಿದ. ಊರಲ್ಲಿ ಯಾರಾದರೂ ಗರಗಸ ಕೊಳ್ಳಲು ಹೊರಟರೆ ಸಾಕು, ಕರೆಯದೆ ಅವರ ಕಾರು ಹತ್ತುತ್ತಾನೆ.

ಸೈಮಿಗೆ ಅವನು ಮೈದುನ, ಗಂಡ ತೌನೋನ ತಮ್ಮ. ತಮ್ಮ ಏನು ಹೇಳಿದರೂ ತೌನೋ "ಹ್ಞೂಂ" ಅನ್ನುತ್ತಿದ್ದ, ತನಗೆ ಸರಿ ಕಂಡದ್ದು ಮಾಡುತ್ತಿದ್ದ. ಆ ತೌನೋ ಹೋದ. ಅವನನ್ನು ಮಣ್ಣು ಮಾಡಿದ ಮೂರನೆಯ ವಾರ "ರಿಪೇರಿ ಮಾಡ್ಕೊಡ್ತೀನಿ ಅತ್ತಿಗೆ" ಅಂತ ಎನ್ಸಿಯೊ ಅಣ್ಣನ ಗರಗಸ ಒಯ್ದ. ಪಟ್ಟಿ ಬಿಚ್ಚಿ ಉದ್ದದ್ದು ಹಾಕಿದ, ಗೋಡೆಗೆ ಏರಿಸಿದ. ಏಳರಲ್ಲಿ ಒಂದು ಅದು.

ಸಾವಾದ ಮನೆಗೆ ಊರ ಗಂಡಸರು ಪ್ರತಿ ಮಾರ್ಚಿಯಲ್ಲಿ ಒಂದು ಶನಿವಾರ ಬಂದು ಸೌದೆ ಮಾಡಿಕೊಡುತ್ತಾರೆ. ಮನೆಯವಳು ಬಟಾಣಿ ಸಾರು, ಕಾಫಿ, ಏಲಕ್ಕಿ ಬನ್ನು ಕೊಡಬೇಕು. ಹೋದ ವರ್ಷ ಆರು ಜನ ಬಂದರು. ಮುಂದೆ ಎನ್ಸಿಯೊ. ಹದಿನೆಂಟು ಇಂಚಿನ ಪಟ್ಟಿಯನ್ನು ಬರ್ಚ್ ಮರದ ದಿಮ್ಮಿಯ ಮೇಲೆ ಉದ್ದಕ್ಕೆ ಮಲಗಿಸುವುದು, ತುದಿಯಲ್ಲಿ ಗೆರೆ ಹಾಕುವುದು, ಅಲ್ಲಿಗೆ ಕುಯ್ಯುವುದು. ಅಳತೆಗೋಲು ಅವನಿಗೆ ಅವಮಾನ. ಸಂಜೆಗೆ ಸೂರಿನಷ್ಟು ಎತ್ತರದ ರಾಶಿ ಬಿತ್ತು. ಒಬ್ಬನೂ ಒಳಗೆ ಬಂದು ಒಲೆ ನೋಡಲಿಲ್ಲ.

ಅಕ್ಟೋಬರಿನಲ್ಲಿ ಸೈಮಿ ಮೊದಲ ಸೌದೆ ಇಟ್ಟಳು. ಅಂಗೈಯಗಲಕ್ಕೂ ಹೆಚ್ಚು ಹೊರಗೆ ನಿಂತಿತು. ಒಲೆಯ ಬಾಗಿಲು ಮುಚ್ಚಲಿಲ್ಲ.

ಎನ್ಸಿಯೊ ಬಂದು ನೋಡಿದ. "ಸೌದೆ ಸರಿಯಾಗೇ ಇದೆ ಅತ್ತಿಗೆ. ನಿಮ್ಮ ಒಲೇನೇ ಗಿಡ್ಡ."

"ನಿಮ್ಮಪ್ಪ ಕಟ್ಟಿದ ಒಲೆ ಕಣಪ್ಪ ಇದು."

"ಅಪ್ಪಂಗೆ ಗರಗಸದ ವಿಷಯ ಏನು ಗೊತ್ತಿತ್ತು?"

ಆ ಚಳಿಗಾಲವೆಲ್ಲ ಅವಳು ಒಂದೊಂದು ಸೌದೆಯ ತುದಿಯನ್ನೂ ಕೈಗರಗಸದಲ್ಲಿ ಕುಯ್ದಳು. ಜನವರಿಗೆ ಬಲಭುಜ ಬಿದ್ದುಹೋಯಿತು. ಕೂದಲು ಬಾಚಲೂ ಕೈ ಏಳಲಿಲ್ಲ. ಎನ್ಸಿಯೊ ಅದಕ್ಕೂ ಬುದ್ಧಿ ಹೇಳಿದ: "ಪೇಟೇಲಿ ಪಂಚಾಯ್ತಿ ಮನೆ ಖಾಲಿ ಇದೆ. ಲಿಫ್ಟು, ಹೀಟರು ಎಲ್ಲಾ ಇದೆ. ಹೋಗ್ಬಿಡಿ." ಇನ್ನೊಂದು ಚಳಿಗಾಲ ಹೀಗೇ ಆದರೆ ಬೀಗ ಹಾಕಿ ಹೋಗಲೇಬೇಕು, ಅದು ಸೈಮಿಗೂ ಗೊತ್ತಿತ್ತು. ಹೋಗಲು ಅವಳು ಒಲ್ಲಳು. ತೌನೋನ ಮೇಲಂಗಿ ಇನ್ನೂ ಗೂಟದಲ್ಲೇ ಇತ್ತು.

ಮತ್ತೆ ಮಾರ್ಚಿ ಬಂತು. ಶನಿವಾರ ಗಂಡಸರು ಬರುತ್ತಾರೆ ಎಂಬ ಸುದ್ದಿಯೂ ಬಂತು. ಗುರುವಾರವೇ ಸೈಮಿ ಗರಗಸ ಕೊಳ್ಳಲು ರೈಲಿಯ ಅಂಗಡಿಗೆ ಹೊರಟಳು. ಎನ್ಸಿಯೊ ಅವಳಿಗಿಂತ ಮೊದಲೇ ಅಲ್ಲಿದ್ದ.

"ಹದಿನೆಂಟು ತೋರ್ಸು ರೈಲಿ. ಐವತ್ತು ಸಿಸಿದು."

"ಕೊಳ್ಳೋರು ಅವ್ರು. ನೀನು ಕಾಫಿ ಕುಡಿ," ಅಂದಳು ರೈಲಿ.

ಸೈಮಿ ಆ ಹದಿನೆಂಟು ಇಂಚಿನದನ್ನು ಎತ್ತಿ ನೋಡಿದಳು. ಏಳು ಕಿಲೋ ಇದ್ದೀತು. ಗರಗಸದ ಮೂಗು ನೆಲಕ್ಕೆ ಜಗ್ಗಿತು. "ಇದನ್ನ ಹೊರೋಕೆ ಇನ್ನೊಬ್ಬಳು ಸೈಮಿ ಬೇಕು."

"ಉದ್ದ ಪಟ್ಟಿ ಇದ್ರೆ ನಡ ಬಗ್ಗಿಸ್ಬೇಕಾಗಲ್ಲ ಅತ್ತಿಗೆ."

"ನಲವತ್ತು ವರ್ಷ ಬಗ್ಗಿದ್ದೀನಿ. ಇನ್ನೂ ಬಗ್ತದೆ."

ಅವಳು ಚೀಲದಿಂದ ಒಂದು ಸೌದೆ ತುಂಡು ತೆಗೆದು ಮೇಜಿನ ಮೇಲಿಟ್ಟಳು. ತೌನೋ ಕುಯ್ದಿದ್ದರಲ್ಲಿ ಉಳಿದದ್ದು ಅದೊಂದೇ. ಎಷ್ಟೇ ಚಳಿಯಾದರೂ ಅದನ್ನು ಒಲೆಗೆ ಹಾಕಿರಲಿಲ್ಲ. "ಇಷ್ಟುದ್ದದ ಪಟ್ಟಿ ಕೊಡು."

ರೈಲಿ ಹದಿಮೂರು ಇಂಚಿನದನ್ನು ತಂದು ಪಕ್ಕಕ್ಕೆ ಮಲಗಿಸಿದಳು. ತುದಿಗೆ ತುದಿ ಕೂಡಿತು. ತೌನೋನೂ ತನ್ನ ಪಟ್ಟಿಯನ್ನೇ ಮಲಗಿಸಿ ಸೌದೆ ಅಳೆಯುತ್ತಿದ್ದ, ಅದು ಹದಿಮೂರರದು ಎಂದು ಇಬ್ಬರು ಹೆಂಗಸರಿಗೂ ತಿಳಿಯಿತು.

ಎನ್ಸಿಯೊ ನಕ್ಕ. "ಹದಿಮೂರಾ! ಅದ್ರಲ್ಲಿ ಬೆಣ್ಣೆ ಕುಯ್ಯಬಹ್ದು ಅಷ್ಟೇ. ದಪ್ಪ ದಿಮ್ಮಿ ಬಂದ್ರೆ?"

"ಆ ಕಡೆಯಿಂದ ಅರ್ಧ, ಈ ಕಡೆಯಿಂದ ಅರ್ಧ. ನಮ್ಮ ಬರ್ಚು ಊಟದ ತಟ್ಟೆಯಷ್ಟು ದಪ್ಪ ಆದ್ರೆ ಹೆಚ್ಚು," ಅಂದಳು ಸೈಮಿ.

"ಊರೋರು ನಗ್ತಾರೆ."

"ನಗ್ಲಿ. ಬಾಯಿ ಬೆಚ್ಚಗಾಗ್ತದೆ."

ಸೌದೆ ತುಂಡನ್ನು ಚೀಲಕ್ಕೆ ಹಾಕಿಕೊಂಡು ಗರಗಸ ಹಿಡಿದು ಹೊರಟಳು.

ಶನಿವಾರ ಆರು ಗಂಡಸರು ಬಂದರು, ಆರು ಉದ್ದ ಗರಗಸ. ಎನ್ಸಿಯೊ ಮೊದಲ ದಿಮ್ಮಿಯ ಮೇಲೆ ತನ್ನ ಪಟ್ಟಿ ಮಲಗಿಸಲು ಬಗ್ಗಿದ.

"ತೆಗಿ ಅದನ್ನ," ಅಂದಳು ಸೈಮಿ. "ಇವತ್ತು ಅಳತೆ ನಂದು. ಗೆರೆ ನಾನು ಹಾಕ್ತೀನಿ, ನೀವು ಕುಯ್ಯಿರಿ. ಗೆರೆ ಬಿಟ್ಟು ಕುಯ್ದೋರಿಗೆ ಸಾರಿಲ್ಲ."

ಒಬ್ಬ ಕಿಸಕ್ಕನೆ ನಕ್ಕ. ಒಳಗಿನಿಂದ ಬಟಾಣಿ ಬೇಯುವ ವಾಸನೆ ಬರುತ್ತಿತ್ತು. ನಗು ನಿಂತಿತು.

ಅವಳು ಗರಗಸ ಚಾಲೂ ಮಾಡದೆ ದಿಮ್ಮಿಗಳ ಉದ್ದಕ್ಕೂ ನಡೆದಳು. ಪಟ್ಟಿ ಮಲಗಿಸಿ ಗೆರೆ, ಮತ್ತೆ ಮಲಗಿಸಿ ಗೆರೆ. ಆಮೇಲೆ ಚಾಲೂ ಮಾಡಿ ಮೊದಲ ತುಂಡನ್ನು ತಾನೇ ಕುಯ್ದಳು, ಸೀಳಿದಳು, ಒಂದು ಹೋಳು ಎತ್ತಿಕೊಂಡು ಒಳಗೆ ಹೋದಳು.

ಹೋಳು ಒಲೆಯೊಳಗೆ ಮಲಗಿತು. ಬಾಗಿಲು ತಳ್ಳಿದಳು. ಮುಚ್ಚಿತು. ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಹೊರಗೆ ಆರು ಜನ ಹಿಮದಲ್ಲಿ ಕಾಯುತ್ತಿದ್ದರು.

"ಒಲೇಲಿ ಹಿಡೀತಾ?" ಅಂದ ಎನ್ಸಿಯೊ.

"ಹಿಡೀತು."

"ನಾನು ಅಂಗಡೀಲೇ ಅಂದ್ಕೊಂಡಿದ್ದೆ, ಹಿಡೀತದೆ ಅಂತ."

"ಹೌದಾ? ಹಾಗಾದ್ರೆ ಕುಯ್ಯಿ," ಅಂದಳು ಸೈಮಿ. "ಗೆರೆ ಮೇಲೆ."

ಅವನು ಕುಯ್ದ.